ನೆರಳು ಹಿಡಿದು ಡಿಶ್ ಕೂರಿಸಿದಾಕೆ

ಡಿಶ್ ಕೂರಿಸಲು ಏನು ಬೇಕು ಎಂದು ಕೇಳಿದರೆ ಅಂಗಡಿಯವರು ಸ್ಯಾಟ್ ಫೈಂಡರ್ ತೋರಿಸುತ್ತಾರೆ, ಹುಡುಗರು ಮೊಬೈಲ್ ತೆರೆದು ಆ್ಯಪ್ ತೋರಿಸುತ್ತಾರೆ. ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಹಳ್ಳಿಯೊಂದರಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬರು ನನಗೆ ತೋರಿಸಿದ್ದು ಎರಡು ಕಲ್ಲು. ಮೇಲ್ಮುದ್ದೆ ಮನೆಯ ಮಾಳಿಗೆ ಮೇಲೆ, ಡಿಶ್ ನಿಂತ ಕಂಬದ ಬುಡದಿಂದ ವಾಯವ್ಯಕ್ಕೆ, ಒಂದರ ಮುಂದೊಂದು ಇಟ್ಟ ಮುಷ್ಟಿಗಾತ್ರದ ಕಲ್ಲುಗಳು. ನೋಡಿದ ದಿನದಿಂದ ನಾನು ಕಂಡಕಂಡವರಿಗೆಲ್ಲ ಅದನ್ನೇ ಹೇಳುತ್ತಿದ್ದೇನೆ.

ಆಕೆಯ ಮನೆಯಲ್ಲಿದ್ದದ್ದು ಖಾಸಗಿ ಕಂಪನಿಯೊಂದರ ಹಳೇ ಡಿಶ್. ರೀಚಾರ್ಜ್ ಮಾಡಿಸುವುದು ನಿಂತ ಮೇಲೆ ಅದು ಮಾಳಿಗೆ ಮೇಲೆ ಸುಮ್ಮನೆ ಬಿದ್ದಿತ್ತು. ಕೊಪ್ಪಳದ ಸಂತೆಯಿಂದ ಫ್ರೀ ಡಿಶ್ ಬಾಕ್ಸ್ ತಂದವರು ಅದೇ ತಟ್ಟೆಯನ್ನು ತಾವೇ ತಿರುಗಿಸಿ ಚಂದನ ಬರಿಸಿಕೊಂಡರು. ಇಷ್ಟು ಮಾಡಿದವರು ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆಕೆ ಮಾಡಿದ್ದು ಅದರಾಚೆಯದು. ಶಿವರಾತ್ರಿ ಕಳೆದ ಮೇಲೆ ಕೆಲವು ದಿನ, ಹನ್ನೊಂದರ ಮೇಲೆ ಟೀವಿ ಐದಾರು ನಿಮಿಷ ಕೈಕೊಟ್ಟು ತಾನಾಗಿಯೇ ಬರುವುದನ್ನು ಹೊಲಿಗೆ ಮಷೀನಿನ ಮುಂದೆ ಕೂತೇ ಗಮನಿಸಿದ್ದಾರೆ. ಮೋಡವಿಲ್ಲ, ಗಾಳಿಯಿಲ್ಲ, ಕರೆಂಟೂ ಇದೆ. ಮರುದಿನ ಅದೇ ಹೊತ್ತಿಗೆ ಮಾಳಿಗೆ ಹತ್ತಿದಾಗ ತಟ್ಟೆಯಿಂದ ಚಿಮ್ಮಿದ ಬಿಸಿಲೆಲ್ಲ ಹೋಗಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಮುಖಕ್ಕೆ ಬಿದ್ದಿತ್ತಂತೆ.

"ಟೀವಿ ಹೋದಾಗೆಲ್ಲ ಸೂರ್ಯ ಅಲ್ಲೇ ಕುಂತಿರ್ತಾನ್ರಿ ಅಣ್ಣಾರ. ಅಂದ್ರ ಅಂವ ಕುಂತ ಜಾಗಾನ ಉಪಗ್ರಹದ ಜಾಗಾ ಅಲ್ಲೇನ್ರಿ?"

ಹೌದು, ಅದೇ ಜಾಗ. ಆ ಕ್ಷಣದಲ್ಲಿ ಕಂಬದ ನೆರಳು ಎಲ್ಲಿ ಬಿದ್ದಿತ್ತೋ ಅಲ್ಲಿಗೆ ಆಕೆ ಎರಡು ಕಲ್ಲಿಟ್ಟರು. ಮುಂದೆ ಆಷಾಢದ ಗಾಳಿಗೆ ಡಿಶ್ ಹೊರಳಿದಾಗ ಯಾರನ್ನೂ ಕರೆಯಲಿಲ್ಲ. ಕಲ್ಲಿನಿಂದ ಕಂಬಕ್ಕೆ ದಾರ ಹಿಡಿದು, ತಟ್ಟೆಯ ತೋಳನ್ನು ಅದೇ ಗೆರೆಗೆ ತಂದು ಬೋಲ್ಟ್ ಬಿಗಿದರು.

ನಾನು ಹೋಗಿದ್ದು ಮಾರ್ಚ್ ನಡುಭಾಗದಲ್ಲಿ, ಅದನ್ನು ಕಣ್ಣಾರೆ ಕಾಣಲೆಂದೇ. ಮಗ ಕೆಳಗೆ ಟೀವಿ ಮುಂದೆ ಬಾಕ್ಸಿನ ಸಿಗ್ನಲ್ ಪುಟ ತೆರೆದು ಕೂತಿದ್ದ. ನಾವು ಮೇಲೆ. ಇಬ್ಬರ ನಡುವೆ ಬೆಳಕಿಂಡಿ. ಕೇಬಲ್ ಇಳಿದದ್ದೂ ಅದರಿಂದಲೇ, ಮಾತು ಹತ್ತಿ ಇಳಿದದ್ದೂ ಅದರಿಂದಲೇ. "ಅರವತ್ತೈತಿ... ಐವತ್ತು... ಮೂವತ್ತಾತು ಯವ್ವಾ... ಹೋತು!" ಎಂದು ಹುಡುಗ ಕೂಗಿದಾಗ ನಾನು ನೆಲ ನೋಡಿದೆ. ಕಂಬದ ನೆರಳು ಎರಡೂ ಕಲ್ಲುಗಳ ಬೆನ್ನ ಮೇಲೆ ಹಾದು ಹೋಗಿತ್ತು. ಗಡಿಯಾರದಲ್ಲಿ ಹನ್ನೊಂದೂಕಾಲು. ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ಸುತ್ತುತ್ತದೆ, ಹಾಗಾಗಿ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತಿರುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಆ ಓದಿದ್ದು ಮಣ್ಣಿನ ಮಾಳಿಗೆಯ ಮೇಲೆ ಗೆರೆಯಾಗಿ ಬಿದ್ದದ್ದನ್ನು ಕಂಡದ್ದು ಅವತ್ತೇ.

ಲೆಕ್ಕವೂ ತಾಳೆಯಾಗುತ್ತದೆ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಕೊಪ್ಪಳದಿಂದ ನೋಡಿದರೆ ಅದು ಉತ್ತರದಿಂದ ಬಲಕ್ಕೆ ಎಣಿಸಿ 130 ಡಿಗ್ರಿಯ ದಿಕ್ಕಿಗೆ, ಅಂದರೆ ಹೆಚ್ಚುಕಡಿಮೆ ನೇರ ಆಗ್ನೇಯಕ್ಕೆ, ನೆಲದಿಂದ 63 ಡಿಗ್ರಿ ಮೇಲಕ್ಕೆ ಸಿಗುತ್ತದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೆ ಹೋದರೂ ಒಂದು ಡಿಗ್ರಿಯ ವ್ಯತ್ಯಾಸ ಬಂದರೆ ಹೆಚ್ಚು. ನಾವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಇರುವುದರಿಂದ ಉಪಗ್ರಹ ಸ್ವಲ್ಪ ದಕ್ಷಿಣಕ್ಕೆ ಜಾರಿದಂತೆ ಕಾಣುತ್ತದೆ. ಆದ್ದರಿಂದ ಸೂರ್ಯ ಅದರ ಹಿಂದೆ ಬರುವುದು ಹಗಲು ರಾತ್ರಿ ಸಮವಾಗುವ ಮಾರ್ಚ್ 21ಕ್ಕಲ್ಲ, ಅದಕ್ಕೆ ಒಂದು ವಾರ ಮುಂಚೆ. ಸೂರ್ಯನಿಂದ ಬರುವ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಳುಗುತ್ತದೆ, ಅಷ್ಟೇ. ಕಂಪನಿಗಳು ಇದನ್ನು ತೊಂದರೆ ಎಂದು ಪ್ರಕಟಣೆ ಕೊಟ್ಟು ಕ್ಷಮೆ ಕೇಳುತ್ತವೆ. ಆಕೆ ಅದನ್ನು ಅಳತೆಗೋಲು ಮಾಡಿಕೊಂಡರು.

ಮೊಬೈಲಿನ ದಿಕ್ಸೂಚಿ ಇದೆಯಲ್ಲ ಎಂದು ಕೇಳಿದೆ. "ಕಬ್ಬಿಣದ ಕಂಬಕ್ಕ ಹತ್ರ ಒಯ್ದ್ರ ಅದರ ಮುಳ್ಳು ತಲಿ ತಿರಗತೈತ್ರಿ. ಸೂರ್ಯಗ ಏನ್ ತಿರಗತೈತಿ?" ಎಂದರು. ಆ್ಯಪುಗಳ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟು ನಂಬಿಕೆ ಇಲ್ಲ. ಈಗ ಇನ್ನೂ ಇಲ್ಲ.

ಎತ್ತರದ ವಿಷಯಕ್ಕೆ ಬಂದರೆ ಕಣ್ಣು ಮೋಸ ಮಾಡುತ್ತದೆ. ಮನೆಗಳ ಮೇಲಿನ ಸಣ್ಣ ಡಿಶ್‌ಗಳಲ್ಲಿ ಎಲ್‌ಎನ್‌ಬಿ ನಟ್ಟನಡುವೆ ಇರುವುದಿಲ್ಲ, ಕೆಳಗಿನ ತೋಳಿನ ತುದಿಯಲ್ಲಿರುತ್ತದೆ. ಹಾಗಾಗಿ ತಟ್ಟೆ ನೋಡುವುದೇ ಒಂದು ಕಡೆಗೆ, ಸಿಗ್ನಲ್ ಹಿಡಿಯುವುದು ಅದಕ್ಕಿಂತ ಸುಮಾರು 25 ಡಿಗ್ರಿ ಮೇಲಿನಿಂದ. ಉಪಗ್ರಹ 63ರಲ್ಲಿದ್ದರೆ ತಟ್ಟೆ 38ರ ಸುಮಾರಿಗೆ ಮುಖ ಮಾಡಿದಂತೆ ಕಾಣಬೇಕು. ಇದು ಗೊತ್ತಿಲ್ಲದೆ ತಟ್ಟೆಯನ್ನೇ ಆಕಾಶಕ್ಕೆ ಎತ್ತಿ ದಿನವಿಡೀ ಹುಡುಕುವವರಿದ್ದಾರೆ. ಹಿಂಬದಿಯ ಬ್ರಾಕೆಟ್ಟಿನ ಡಿಗ್ರಿ ಗೆರೆಗಳು ಈ ಲೆಕ್ಕ ಹಿಡಿದೇ ಕೊರೆದಂಥವು. ಕಂಬ ತೂಗುಗುಂಡಿಗೆ ನೆಟ್ಟಗಿದ್ದರೆ ಮಾತ್ರ ಅವು ನಿಜ ಹೇಳುತ್ತವೆ.

ಆಕೆಯ ಕೈಯಲ್ಲಿ ಹದಿಮೂರರ ಪಾನಾ ಇತ್ತು. ಕೊರಳಲ್ಲಿ ಅಳತೆಯ ಟೇಪು ಎಂದಿನಂತೆ ಜೋತಾಡುತ್ತಿತ್ತು. ತಟ್ಟೆಯ ಅಂಚಿಗೆ ಟೇಪು ಹಿಡಿದು ಅರ್ಧ ಸೆಂಟಿಮೀಟರ್ ಸರಿಸುವುದು, ಸೀಮೆಸುಣ್ಣದಲ್ಲಿ ಕಂಬಕ್ಕೊಂದು ಗೀಟು ಎಳೆಯುವುದು, ಕೆಳಗಿನ ಕೂಗಿಗೆ ಕಾಯುವುದು, ಮತ್ತೆ ಅರ್ಧ ಸೆಂಟಿಮೀಟರ್. 60 ಸೆಂಟಿಮೀಟರಿನ ತಟ್ಟೆಯ ಅಂಚು ಅಷ್ಟು ಸರಿದರೆ ಒಂದು ಡಿಗ್ರಿ ತಿರುಗಿದ ಹಾಗೆ. 95 ಡಿಗ್ರಿಯಲ್ಲಿ ಡಿಶ್ ಟೀವಿಯ ಉಪಗ್ರಹ, 91.5ರಲ್ಲಿ ಇನ್ನೊಂದು. ನೆರೆಹೊರೆ ಇಷ್ಟು ಒತ್ತಾಗಿರುವಾಗ ಬೀಸು ಕೈಯಿಂದ ತಿರುಗಿಸಿದರೆ ಮೂರನ್ನೂ ದಾಟಿಹೋಗುತ್ತೇವೆ. ಬಾಕ್ಸಿಗೆ ಅರ್ಥ ಮಾಡಿಕೊಳ್ಳಲೂ ಎರಡು ಕ್ಷಣ ಬೇಕು. ಸ್ಟ್ರೆಂತ್ ಎಂಬ ಪಟ್ಟಿಯನ್ನು ಆಕೆ ಮಗನಿಗೆ ಓದಲೇ ಬಿಡುವುದಿಲ್ಲ, ಅದು ಎಲ್‌ಎನ್‌ಬಿ ಬದುಕಿದೆ ಎಂದಷ್ಟೇ ಹೇಳುತ್ತದೆ. ಕ್ವಾಲಿಟಿ ಏರಿದರೇ ಉಪಗ್ರಹ ಸಿಕ್ಕಿತು ಎಂದರ್ಥ. ಕೊನೆಯದಾಗಿ ಎಲ್‌ಎನ್‌ಬಿಯನ್ನೇ ಅದರ ಹಿಡಿಕೆಯೊಳಗೆ ತಿರುಗಿಸಬೇಕು. ನಮ್ಮ ಕಡೆಯಿಂದ ಈ ಉಪಗ್ರಹಕ್ಕೆ ಆ ತಿರುವು 47 ಡಿಗ್ರಿಯಷ್ಟು, ಡಿಶ್ ಹಿಂದೆ ನಿಂತವರಿಗೆ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ. ಇದನ್ನು ಮಾಡದೆ ಬಿಟ್ಟವರ ಮನೆಯಲ್ಲಿ ಚಾನೆಲ್ ಬಾರದೆ ಹೋಗಬಹುದು.

ಆಗ್ನೇಯಕ್ಕೆ ಮುಖ ಮಾಡಿದ ಊರ ತುಂಬ ಡಿಶ್‌ಗಳನ್ನು ಆ ಮಾಳಿಗೆಯಿಂದ ನೋಡುತ್ತಿದ್ದಾಗ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಬೇರೊಂದು ಡಿಶ್. ಅದು ಪಶ್ಚಿಮಕ್ಕೆ ಮುಖ ಮಾಡಿತ್ತು, ಕೋಳಿಗೂಡಿನ ಜಾಲರಿಯಿಂದ ಮಾಡಿದ್ದು, ಅಡ್ಡಗಲ ಹತ್ತು ಅಡಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ನಾಸಾ ಸೇರಿ ನಡೆಸಿದ 'ಸೈಟ್' ಪ್ರಯೋಗದ ಡಿಶ್ ಅದು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟೀವಿ ತಲುಪಿಸಿದ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ದದ್ದು ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳನ್ನು. ಕೊಪ್ಪಳ ಆಗ ರಾಯಚೂರು ಜಿಲ್ಲೆಯದೇ ಭಾಗ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಆರು ವರ್ಷ ಮುಂಚೆ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಕನ್ನಡದ ಟೀವಿ ಕಾರ್ಯಕ್ರಮ ಆಕಾಶದಿಂದ ಇಳಿಯುತ್ತಿತ್ತು! ಹಿಂದುಳಿದ ಜಿಲ್ಲೆ ಎಂದೇ ನಮ್ಮನ್ನು ಆರಿಸಿದ್ದರು ನಿಜ. ಆದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಇದು ಇಲ್ಲದಿರುವುದು ನನಗೆ ಸಹಿಸಲಾಗದ ಸಂಗತಿ.

ಎಟಿಎಸ್-6 ಎಂಬ ಆ ಅಮೆರಿಕನ್ ಉಪಗ್ರಹ 1974ರ ಮೇ 30ರಂದು ಹಾರಿತು. ಅದನ್ನು ಭಾರತಕ್ಕಾಗಿ 35 ಡಿಗ್ರಿ ಪೂರ್ವಕ್ಕೆ, ಆಫ್ರಿಕಾದ ನೆತ್ತಿಗೆ ಸರಿಸಿ ತಂದರು. ರಾಯಚೂರು ಸೀಮೆಯ ಡಿಶ್‌ಗಳು ಪಶ್ಚಿಮಕ್ಕೆ, ನೆಲದಿಂದ 40 ಡಿಗ್ರಿಯಷ್ಟೇ ಮೇಲೆ ನೋಡಬೇಕಾಗಿದ್ದು ಅದಕ್ಕೇ. ವಿಕ್ರಮ್ ಸಾರಾಭಾಯ್ ಕಾಲದಲ್ಲಿ, 1969ರಲ್ಲಿ ಒಪ್ಪಂದವಾಗಿ, ಯಶ್‌ಪಾಲ್ ಮುಂದಾಳುತನದ ಅಹಮದಾಬಾದಿನ ಕೇಂದ್ರ ಅದನ್ನು ನಡೆಸಿತು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ. ಒಂದೇ ಚಿತ್ರಕ್ಕೆ ಎರಡು ಭಾಷೆಯ ದನಿ ಕಳಿಸುವ ಏರ್ಪಾಡೂ ಉಪಗ್ರಹದಲ್ಲಿತ್ತು. ವರ್ಷ ಮುಗಿದದ್ದೇ ಉಪಗ್ರಹ ತನ್ನ ದಾರಿ ಹಿಡಿದು ಹೋಯಿತು. 1977ರಲ್ಲಿ ಗುಲ್ಬರ್ಗಾಕ್ಕೆ ನೆಲದ ಟೀವಿ ಕೇಂದ್ರ ಸಿಕ್ಕಿತು.

ಈ ಕಥೆ ಹೇಳಿದಾಗ, ಜಾಲರಿಯ ತೂತುಗಳಿಂದ ಸಿಗ್ನಲ್ ಸೋರಿಹೋಗುವುದಿಲ್ಲವೇ ಎಂದು ಆಕೆಯೇ ಕೇಳಿದರು, ನನಗೆ ಬಹಳ ಹಿಡಿಸಿದ ಪ್ರಶ್ನೆ. ಆಗಿನ ಪ್ರಸಾರ 860 ಮೆಗಾಹರ್ಟ್ಸ್‌ನಲ್ಲಿತ್ತು. ಅಲೆಯ ಉದ್ದ 35 ಸೆಂಟಿಮೀಟರ್. ಅಷ್ಟುದ್ದದ ಅಲೆಗೆ ಕೋಳಿಜಾಲರಿ ಗೋಡೆ ಇದ್ದಂತೆ. ಈಗಿನ ಕೆಯು ಬ್ಯಾಂಡಿನ ಅಲೆ ಎರಡೂವರೆ ಸೆಂಟಿಮೀಟರಿನದು, ಅದು ಅಂಥ ತೂತಿನಲ್ಲಿ ನುಸುಳಿಹೋಗುತ್ತದೆ. ಆದ್ದರಿಂದ ತಟ್ಟೆ ಗಟ್ಟಿ ತಗಡಿನದಾಯಿತು, ಅಲೆ ಚಿಕ್ಕದಾದ್ದರಿಂದ ಎರಡು ಅಡಿಗೆ ಇಳಿಯಿತು. ಮಂಗ ಜಿಗಿದು ತಟ್ಟೆ ತಗ್ಗಿಹೋದರೆ ಕ್ವಾಲಿಟಿ ಬೀಳುವುದೂ ಇದೇ ಕಾರಣಕ್ಕೆ. ನಡುವಿನ ಕಾಲದ ಕಥೆ ಓದುಗರಿಗೆ ಗೊತ್ತೇ ಇದೆ: ತೊಂಬತ್ತರ ದಶಕದ ಕೇಬಲ್‌ನವರ ದೊಡ್ಡ ಛತ್ರಿ, 1994ರಲ್ಲಿ ಉದಯ, 2003ರಿಂದ ಖಾಸಗಿ ಡಿಟಿಎಚ್, 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಶುರುವಾದ ಈಗಿನ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲದ ಈ ಕೊನೆಯದರ ಮೇಲೆ ನನಗೆ ಮಮತೆ ಇದೆ. ಮಳೆ ಕೈಕೊಟ್ಟ ವರ್ಷ ಯಲಬುರ್ಗಾ ಕಡೆಯ ಮನೆಗಳಲ್ಲಿ ಮೊದಲು ನಿಲ್ಲುವುದು ರೀಚಾರ್ಜ್.

ಸ್ವಂತ ಕೈಯಿಂದ ಕೂರಿಸುವವರು ಜಾಗದ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ಉಪಗ್ರಹ ಇಷ್ಟು ಎತ್ತರದಲ್ಲಿರುವುದರಿಂದ ಆಗ್ನೇಯದ ಬೇವಿನ ಮರ ಡಿಶ್‌ಗಿಂತ ಎಷ್ಟು ಎತ್ತರವೋ ಅದರ ಅರ್ಧಕ್ಕಿಂತ ಹೆಚ್ಚು ದೂರವಿದ್ದರೆ ಸಾಕು. ಆನೆಗೊಂದಿಯ ಬಂಡೆಗಳ ನಡುವೆಯೂ ಸಿಗ್ನಲ್ ಸಿಗುವುದು ಇದರಿಂದಲೇ. ಗಂಗಾವತಿಯ ಆರ್‌ಸಿಸಿ ಮನೆಯವರು ಡ್ರಿಲ್ ಹಾಕಿ ಬೋಲ್ಟ್ ಹೊಡೆದು ಮುಗಿಸುತ್ತಾರೆ. ಮೇಲ್ಮುದ್ದೆಯ ಮಣ್ಣಿಗೆ ಬೋಲ್ಟ್ ನಿಲ್ಲುವುದಿಲ್ಲ, ತೂತು ಬಿದ್ದಲ್ಲಿ ಮಳೆಗಾಲಕ್ಕೆ ಸೋರುತ್ತದೆ. ಆಕೆ ಎಣ್ಣೆ ಡಬ್ಬಿಗೆ ಕಾಂಕ್ರೀಟ್ ತುಂಬಿ ಅದರಲ್ಲಿ ಕಂಬ ನಿಲ್ಲಿಸಿ, ಸುತ್ತ ಚಪ್ಪಡಿ ಹೇರಿದ್ದಾರೆ. ಭಾರವೆಲ್ಲ ತೊಲೆಯ ನೆತ್ತಿಗೇ ಬೀಳುವಂತೆ ಜಾಗ ಆರಿಸಿದ್ದಾರೆ. ಗಾಳಿ ವಿದ್ಯುತ್ತಿನ ಫ್ಯಾನಿನ ಕಂಬಗಳನ್ನು ಸಾಲಾಗಿ ನೆಟ್ಟಿರುವ ಸೀಮೆ ಇದು, ಗಾಳಿಯನ್ನು ಹಗುರವಾಗಿ ಎಣಿಸುವಂತಿಲ್ಲ. ಕೇಬಲ್ ತುದಿಗೆ ಕನೆಕ್ಟರ್ ಹಾಕುವಾಗ ಬಾಕ್ಸಿನ ಪ್ಲಗ್ ಕಿತ್ತಿರಬೇಕು: ಎಲ್‌ಎನ್‌ಬಿಗೆ ಹೋಗುವ 13 ಇಲ್ಲವೇ 18 ವೋಲ್ಟ್ ಅದೇ ತಂತಿಯಲ್ಲಿ ಹರಿಯುತ್ತದೆ, ನಡುವಿನ ತಂತಿಗೆ ಹೊರಗಿನ ಹೆಣಿಗೆಯ ಒಂದೆಳೆ ತಗುಲಿದರೂ ಬಾಕ್ಸ್ ಕೆಡಬಹುದು. ಸಿಡಿಲಿನ ದಿನ ಬಾಕ್ಸಿನಿಂದ ಪ್ಲಗ್, ಕೇಬಲ್ ಎರಡನ್ನೂ ಬೇರ್ಪಡಿಸಿ ಇಡುವುದು ಒಳ್ಳೆಯದು.

ಮಾರ್ಚ್ ತಪ್ಪಿದವರಿಗೆ ಸೆಪ್ಟೆಂಬರ್ 30ರ ಆಸುಪಾಸಿನಲ್ಲಿ ಸೂರ್ಯ ಮತ್ತೆ ಅದೇ ಜಾಗಕ್ಕೆ ಬರುತ್ತಾನೆ, ಈ ಸಲ ಹನ್ನೊಂದಕ್ಕೆ ಐದು ನಿಮಿಷ ಮೊದಲು. ಡಿಶ್ ಇನ್ನೂ ಕೂರಿಸದವರೂ ಆ ಹೊತ್ತಿಗೆ ಬರೀ ಕಂಬ ನೆಟ್ಟು ನೆರಳಿಗೆ ಕಲ್ಲಿಡಬಹುದು. ನೆರಳು ಕಂಬದ ಅರ್ಧದಷ್ಟು ಉದ್ದ ಇದ್ದರೆ ಎತ್ತರದ ಲೆಕ್ಕವೂ ಸರಿ. ಟಾಟಾ ಪ್ಲೇ ಇರುವ 83 ಡಿಗ್ರಿಗಾದರೆ ಇನ್ನೂ ಮುಕ್ಕಾಲು ಗಂಟೆಯ ಮೇಲೆ ಕಾಯಬೇಕು, ಮಾರ್ಚ್‌ನಲ್ಲಿ ಅದು ಮಧ್ಯಾಹ್ನ ಹನ್ನೆರಡರ ಹತ್ತಿರ. ಸೆಪ್ಟೆಂಬರಿನಲ್ಲಿ ಮೋಡದ ಕಾಟ ಇರುವುದರಿಂದ ಹಿಂದುಮುಂದಿನ ಎರಡು ಮೂರು ದಿನವೂ ಮಾಳಿಗೆ ಹತ್ತಲು ಸಿದ್ಧರಿರಬೇಕು. ಆಕೆಯ ಓಣಿಯವರು ಈಗಾಗಲೇ ಕಂಬಕ್ಕೆ ಕಬ್ಬಿಣದ ಪೈಪು ತರಿಸಿಟ್ಟಿದ್ದಾರೆ.