‘ಅಷ’ ಶಬ್ದದ ಸಂಸ್ಕೃತಾನುವಾದ: ಒಂದು ವಿಚಾರ

ಪಾರಸೀಕರ ಅವೆಸ್ತಾ ಗ್ರಂಥದ ಮುಖ್ಯ ಭಾಗ ಯಸ್ನ. ಅದರಲ್ಲಿ 72 ಅಧ್ಯಾಯಗಳಿವೆ. ಅವುಗಳಲ್ಲಿ ಸೇರಿರುವ 17 ಗಾಥಾಸೂಕ್ತಗಳು ಜರತುಷ್ಟ್ರನ ವಾಣಿಯೆಂದು ಪರಂಪರೆಯು ಭಾವಿಸುತ್ತದೆ. ಪಹ್ಲವೀ ಅನುವಾದಸಹಿತವಾದ ಯಸ್ನದ ಎರಡು ಪ್ರಾಚೀನ ಪ್ರತಿಗಳನ್ನು ಮಿಹ್ರಬಾನ್ ಕೈಖುಸ್ರೋ ಎಂಬ ಲಿಪಿಕಾರನು ಕ್ರಿ. ಶ. 1323ರಲ್ಲಿ ಖಂಭಾತದಲ್ಲಿ ಬರೆದನು. ಶಾಂತಿನಾಥ ಭಂಡಾರದ ತಾಳೆಯೋಲೆಗಳಿಂದ ಜೈನ ವಿದ್ವಾಂಸರಿಗೆ ಸುಪರಿಚಿತವಾದ ಸ್ತಂಭತೀರ್ಥವೇ ಈ ಖಂಭಾತ.

ಗಾಥೆಗಳ ಕೇಂದ್ರಶಬ್ದ ‘ಅಷ’. ಇದು ವೈದಿಕ ‘ಋತ’ದ ಸಜಾತೀಯ ಪದ, ಸತ್ಯ, ಜಗನ್ನಿಯಮ, ಸದಾಚಾರ ಎಂಬ ಮೂರು ಅರ್ಥಗಳೂ ಇದರಲ್ಲಿ ಅಡಕವಾಗಿವೆ. ಇದರ ವಿರೋಧಿ ‘ದ್ರುಜ್’, ಅಂದರೆ ಅನೃತ, ವಂಚನೆ. ಸತ್ಯವನ್ನು ಕಾಣುವ ಅಂತರ್ದೃಷ್ಟಿಗೆ ‘ದಯೇನಾ’ ಎಂದು ಹೆಸರು. ನೋಡು ಎಂಬರ್ಥದ ಧಾತುವಿನಿಂದ ಬಂದ ಈ ಪದವು ಮುಂದೆ ಧರ್ಮವೆಂಬ ಅರ್ಥವನ್ನೂ ಪಡೆಯಿತು. ನಮ್ಮ ‘ದರ್ಶನ’ ಶಬ್ದದ ಅರ್ಥವಿಕಾಸವನ್ನು ಇದರೊಡನೆ ಹೋಲಿಸಬಹುದು. ಸುವಿಚಾರ, ಸುವಚನ, ಸುಕೃತ್ಯಗಳೆಂಬ ತ್ರಯವು ಆ ದೃಷ್ಟಿಯ ಆಚರಣರೂಪ. ಮರಣದ ಬಳಿಕ ಮೂರನೆಯ ರಾತ್ರಿ ಕಳೆದು ಬೆಳಗಾಗುವಾಗ ಧಾರ್ಮಿಕನ ದಯೇನಾ ಸುಂದರ ಕನ್ಯಾರೂಪದಿಂದ ಅವನೆದುರು ಬರುವಳೆಂದು ಹಾದೋಖ್ತ್ ನಸ್ಕ್ ವರ್ಣಿಸುತ್ತದೆ.

ಪಹ್ಲವಿಯನ್ನು ಆಧರಿಸಿ ಯಸ್ನವನ್ನು ಸಂಸ್ಕೃತಕ್ಕೆ ತಂದ ಪಾರಸೀ ಪುರೋಹಿತ ನೇರ್ಯೋಸಂಘ ಧವಲನು ‘ಅಷ’ವನ್ನು ‘ಪುಣ್ಯ’ವೆಂದೂ, ಅದನ್ನು ಹೊಂದಿದ ‘ಅಷವನ್’ನನ್ನು ‘ಮುಕ್ತಾತ್ಮ’ನೆಂದೂ ಅನುವಾದಿಸಿದನು. ಜೈನ ವಾಚಕನು ಎಡವುವುದು ಇಲ್ಲಿಯೇ. ಪುಣ್ಯವೂ ಕರ್ಮಬಂಧವೇ, ಸುವರ್ಣದ ಸಂಕೋಲೆಯೂ ಬಂಧಿಸುವುದೆಂದು ಕುಂದಕುಂದರು ಸಮಯಸಾರದಲ್ಲಿ ತಿಳಿಸಿದ್ದಾರೆ. ಪುಣ್ಯವುಳ್ಳವನೇ ಮುಕ್ತನೆಂಬುದು ಸಿದ್ಧಾಂತಕ್ಕೆ ವಿರುದ್ಧ. ಆದರೆ ನೇರ್ಯೋಸಂಘನ ‘ಮುಕ್ತ’ನು ಅಷ್ಟಕರ್ಮಗಳನ್ನು ಕ್ಷಯಗೊಳಿಸಿ ಲೋಕಾಗ್ರದಲ್ಲಿ ನೆಲೆಸಿದ ಸಿದ್ಧನಲ್ಲ, ಸತ್ಯಪಕ್ಷವನ್ನು ಆರಿಸಿಕೊಂಡ ಧಾರ್ಮಿಕನು. ಅವನ ಅಂತಿಮ ಆಶಯವೂ ಲೋಕದಿಂದ ಬಿಡುಗಡೆಯಲ್ಲ. ದ್ರುಜ್ ಅಳಿದು ಲೋಕವೇ ಶುದ್ಧಗೊಳ್ಳುವ ‘ಫ್ರಷೋಕೆರೆತಿ’. ಅಲ್ಲಿ ಮೃತರು ಸಶರೀರರಾಗಿ ಮರಳಿ ಏಳುವರೆಂಬ ನಂಬಿಕೆಯುಂಟು.

ಆದುದರಿಂದ ಶಬ್ದಸಾಮ್ಯದಿಂದ ಮತಸಾಮ್ಯವನ್ನು ಊಹಿಸುವುದೂ, ಶಬ್ದವೊಂದರಿಂದಲೇ ದೋಷವನ್ನು ಹೊರಿಸುವುದೂ ಸಮಾನವಾಗಿ ಅಯುಕ್ತ. ಅಪ್ರಕೃತಾರ್ಥವನ್ನು ನಿರಾಕರಿಸಿ ಪ್ರಕೃತಾರ್ಥವನ್ನು ನಿರೂಪಿಸುವುದೇ ನಿಕ್ಷೇಪದ ಪ್ರಯೋಜನ. ಪರಸಮಯದ ಗ್ರಂಥವನ್ನು ಓದುವಾಗಲೂ ಆ ವಿಧಿಯು ಅಷ್ಟೇ ಉಪಾದೇಯವಾಗಿದೆ.