‘ಮುಯ್ಯಿ’: ನೆರವು ಮತ್ತು ಮರುಸಂದಾಯದ ಅರ್ಥವಿನ್ಯಾಸ

ಯಗಟಿ, ಕಡೂರು ಪ್ರದೇಶವನ್ನೊಳಗೊಂಡ ಹಳೆಯ ಮೈಸೂರು ಸೀಮೆಯ ಕನ್ನಡದಲ್ಲಿ, ಮದುವೆಯ ಮನೆಗೆ ನೆಂಟರಿಷ್ಟರು ಸಲ್ಲಿಸುವ ಹಣಕ್ಕೆ ‘ಮುಯ್ಯಿ’ ಎಂಬ ಹೆಸರುಂಟು. ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಬರೆದಿಡುವುದು ರೂಢಿ. ಅವರ ಮನೆಯ ಶುಭಕಾರ್ಯದಲ್ಲಿ ಅದು ಹಿಂದಿರುಗಬೇಕು.

ಪದದ ಅರ್ಥವನ್ನು ಅದರೊಡನೆ ಬರುವ ಕ್ರಿಯಾಪದಗಳು ಸ್ಪಷ್ಟಪಡಿಸುತ್ತವೆ. ‘ದಾನ’ವನ್ನು ಮಾಡಬಹುದು, ತೀರಿಸಲಾಗದು. ‘ಸಾಲ’, ‘ಮುಯ್ಯಿ’ ಎರಡನ್ನೂ ತೀರಿಸಬಹುದು. ಆದರೆ ಮುಯ್ಯಿಗೆ ಬಡ್ಡಿಯಿಲ್ಲ, ಗೊತ್ತಾದ ಗಡುವಿಲ್ಲ. ‘ಮುಯ್ಯಿ ತೀರಿಸು’ ಎಂಬುದಕ್ಕೆ ಸೇಡು ತೀರಿಸು ಎಂಬ ಅರ್ಥವೂ ಇದೆ. ‘ಮುಯ್ಯಾಳು’ ಎಂದರೆ ಕೂಲಿಯಿಲ್ಲದೆ, ಆಳಿಗೆ ಪ್ರತಿಯಾಗಿ ಹೊಲಕ್ಕೆ ಬರುವ ಆಳು. ಹಣ, ದುಡಿಮೆ, ಹಗೆ ಮೂರರಲ್ಲಿಯೂ ‘ಸಮಾನವಾದುದು ಮರಳಬೇಕು’ ಎಂಬ ಅರ್ಥಘಟಕ ಸ್ಥಿರವಾಗಿದೆ. ಆದುದರಿಂದ ಇವು ಉಚ್ಚಾರಣೆಯಲ್ಲಿ ಮಾತ್ರ ಹೋಲುವ ಬೇರೆ ಬೇರೆ ಪದಗಳಲ್ಲ, ಒಂದೇ ಪದದ ಅನೇಕಾರ್ಥಗಳು ಎನ್ನುವುದು ಯುಕ್ತ.

ಮಾರ್ಸೆಲ್ ಮೋಸ್ ಅವರು 1925ರ ತಮ್ಮ ಪ್ರಬಂಧದಲ್ಲಿ ಕೊಡುವ, ಸ್ವೀಕರಿಸುವ, ಹಿಂದಿರುಗಿಸುವ ಬಾಧ್ಯತೆಗಳನ್ನು ಗುರುತಿಸಿದ್ದಾರೆ. ‘ಮುಯ್ಯಿ’ ಮೂರನೆಯದನ್ನು ಪದಾರ್ಥದಲ್ಲಿಯೇ ಅಡಕಗೊಳಿಸಿದೆ. ಅದನ್ನು ಕೇವಲ ‘ಉಡುಗೊರೆ’ ಎಂದು ವಿವರಿಸುವ ನಿಘಂಟು ಈ ಬಾಧ್ಯತೆಯನ್ನು ಕೈಬಿಡುತ್ತದೆ. ಹಾಗೆಯೇ ನಮೂದಿಸುವ ಕುಟುಂಬ ಸಮೀಕ್ಷೆಯಲ್ಲಿ ಋಣವು ಆದಾಯವಾಗಿ ಕಾಣಿಸುತ್ತದೆ.