ಬಟ್ಟೆಗೆ ಜಿಪುಣ, ಹೊಲಿಗೆಗೆ ಧಾರಾಳ

ಘಟ ಕೂಡಿಸುವ ದಿನ ಹತ್ತಿರವಾಯಿತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಯ ಹಾಸಿಗೆ-ಹೊದಿಕೆಗಳೆಲ್ಲ ಹೊರಬೀಳುತ್ತವೆ. ನವರಾತ್ರಿಗೆ ಮುಂಚೆ ಅವೆಲ್ಲ ಒಗೆದು ಮಡಿಯಾಗಬೇಕು ಎಂಬುದು ಅಲ್ಲಿನ ರೂಢಿ. ಗಂಟು ಕಟ್ಟಿ, ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೇರಿಕೊಂಡು, ಮನೆಮಂದಿಯೆಲ್ಲ ಹಳ್ಳಕ್ಕೋ ಹೊಳೆಗೋ ಹೋಗುತ್ತಾರೆ. ಆ ಗಂಟಿನಲ್ಲಿ ಎಲ್ಲಕ್ಕಿಂತ ಭಾರದ್ದು ಕೌದಿ. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು, ಒಬ್ಬರು ಎಡಕ್ಕೆ ಇನ್ನೊಬ್ಬರು ಬಲಕ್ಕೆ ತಿರುವಿ ಹಿಂಡಬೇಕು. ಆಮೇಲೆ ಅದನ್ನು ಬಂಡೆಯ ಮೇಲೆ ಹರವಿದಾಗ ಒಂದು ಮನೆಯ ಹತ್ತಿಪ್ಪತ್ತು ವರ್ಷಗಳ ಉಡುಗೆಯೆಲ್ಲ ಬಿಸಿಲಿಗೆ ಬರುತ್ತದೆ: ಅತ್ತೆಯ ಇಳಕಲ್ಲ ಸೀರೆಯ ಒಡಲು, ಗುಳೇದಗುಡ್ಡದ ಖಣದ ತುಂಡು, ಮಾವನ ಧೋತರ, ಶಾಲೆ ಬಿಟ್ಟ ಮಗನ ಖಾಕಿ ಚಡ್ಡಿ.

ಹಳೆಯ ಹತ್ತಿ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಅಡಿಯಿಂದ ಮುಡಿಯವರೆಗೆ ಕೈಯಿಂದಲೇ ಒತ್ತೊತ್ತಾಗಿ ಹೊಲಿದ ಹೊದಿಕೆಯೇ ಕೌದಿ. ಹೊದೆಯಲೂ ಅದೇ, ಹಾಸಲೂ ಅದೇ. ತೊಟ್ಟಿಲಿಗೆ ಹಾಕುವ ಪುಟ್ಟದರಿಂದ ಹಿಡಿದು ಮೂರು ಮಕ್ಕಳು ಒಟ್ಟಿಗೆ ಮಲಗುವಷ್ಟು ದೊಡ್ಡದರವರೆಗೆ ಅಳತೆ ಬೇರೆ ಬೇರೆ. ನೆರೆಯ ಮಹಾರಾಷ್ಟ್ರದವರಿಗೆ ಇದು ಗೋಧಡಿ, ಆಂಧ್ರದ ಗಡಿಯ ಕಡೆಯವರಿಗೆ ಬೊಂತೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ ಇದರ ಬಳಗದವೇ. ಆದರೆ ಕಾಂಥಾ ಕಸೂತಿಯ ಅಂಗಡಿ ಸೇರಿ ಹೆಸರು ಮಾಡಿತು. ನಮ್ಮಲ್ಲಿಯೂ ಧಾರವಾಡದ ಕಸೂತಿಗೆ ಭೌಗೋಳಿಕ ಸೂಚಿಯ ಮನ್ನಣೆ ಬಂತು. ಕೌದಿ ಮಾತ್ರ ಬಹುಕಾಲ ಟ್ರಂಕಿನ ಮೇಲೆ ಮಡಿಚಿಟ್ಟಲ್ಲೇ ಉಳಿಯಿತು. ದಿನಾ ಬಳಸುವುದನ್ನು ಕಲೆ ಎಂದು ನೋಡಲು ನಮಗೆ ತಡವಾಗುತ್ತದೆ.

ಕೌದಿಗೆ ಬಟ್ಟೆ ಬರುವ ದಾರಿಯೇ ಉದ್ದ. ಹತ್ತಿಯ ಸೀರೆಯೊಂದು ಮೊದಲು ಹೊರಗೆ ಹೋಗುವಾಗ ಉಡುವ ಸೀರೆ, ಅಂಚು ಮಾಸಿದ ಮೇಲೆ ಮನೆಯೊಳಗಿನ ಸೀರೆ, ಇನ್ನೂ ಸವೆದ ಮೇಲೆ ಕೂಸಿನ ಜೋಲಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಇಡಲು, ಶ್ಯಾವಿಗೆ ಹರವಲು ಹಳೆ ಧೋತರವೇ ಬೇಕು. ಚಿಕ್ಕ ಚೂರುಗಳು ಕೂಸಿನ ಕುಂಚಿಗೆ-ಕುಲಾಯಿಗೆ, ಕೊಡ ಹೊರುವ ಸಿಂಬಿಗೆ. ತೀರಾ ಜಾಳಾದದ್ದು ಒಲೆಯ ಮುಂದಿನ ಮಸಿಬಟ್ಟೆ. ಈ ಸಾಲಿನಲ್ಲಿ ಯಾವ ಬಟ್ಟೆ ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನ ಮನೆಯ ಹಿರಿಯಳದು. ಅಂಗೈಯಲ್ಲಿ ಹಿಡಿದು, ಎರಡೂ ಹೆಬ್ಬೆರಳಿನಿಂದ ಸ್ವಲ್ಪ ಎಳೆದು ನೋಡಿದರೆ ಅವಳಿಗೆ ತಿಳಿಯುತ್ತದೆ: ಇದು ಕೌದಿಯ ಮೇಲ್ಮೈಗೆ ತಾಳುತ್ತದೆ, ಇದು ಒಳಗೆ ಹೋಗಲಿ, ಇದನ್ನು ಮಸಿಬಟ್ಟೆಗೆ ಬಿಡು. ಜರಿಯ ಸೀರೆ, ನೈಲಾನ್ ಸೀರೆಗಳನ್ನು ಬಾಗಿಲಿಗೆ ಬಂದ ಪಾತ್ರೆಯವಳಿಗೆ ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಳ್ಳುತ್ತಿದ್ದರು. ಹತ್ತಿಯದನ್ನು ಕೊಡುತ್ತಿರಲಿಲ್ಲ.

ಹಳೆಯದೇ ಏಕೆ ಬೇಕು? ಬಡತನ ಒಂದು ಕಾರಣ, ನಿಜ. ಆದರೆ ಬಟ್ಟೆಯ ಗುಣವೂ ಅದನ್ನೇ ಕೇಳುತ್ತದೆ. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಸೂಜಿ ಸಲೀಸಾಗಿ ಇಳಿಯುವುದಿಲ್ಲ. ಮೊದಲ ಒಗೆತಕ್ಕೆ ಒಂದು ತುಂಡು ಹೆಚ್ಚು ಕುಗ್ಗಿ ಇನ್ನೊಂದು ಕಡಿಮೆ ಕುಗ್ಗಿದರೆ ಕೌದಿಯ ಮೈಯೆಲ್ಲ ಸುಕ್ಕು. ಕೆಂಪು ಬಣ್ಣ ಬಿಟ್ಟರೆ ಪಕ್ಕದ ಬಿಳಿ ತೇಪೆ ಹಾಳು. ನೂರಾರು ಸಲ ಒಗೆತ ಕಂಡ ಸೀರೆಗೆ ಈ ಯಾವ ತಕರಾರೂ ಇಲ್ಲ. ಕುಗ್ಗುವುದೆಲ್ಲ ಕುಗ್ಗಿದೆ, ಬಣ್ಣ ಬಿಡುವುದೆಲ್ಲ ಬಿಟ್ಟಿದೆ, ನೂಲು ಮೆತ್ತಗಾಗಿದೆ. ಕೂಸಿನ ಮೈಗೆ ಹೊಸ ಬಟ್ಟೆಗಿಂತ ಹಳೆಯದು ಹಿತ ಎಂದು ಬಾಣಂತಿಯ ಕೋಣೆಯಲ್ಲಿ ಹೇಳುವ ಮಾತಿನ ಹಿಂದಿರುವುದೂ ಈ ತಿಳಿವಳಿಕೆಯೇ.

ಹೊಲಿಯುವ ಕೆಲಸಕ್ಕೆ ಬೇಸಿಗೆ ಒಳ್ಳೆಯ ಕಾಲ. ಸುಗ್ಗಿ ಮುಗಿದಿರುತ್ತದೆ, ಮಳೆಗಾಲಕ್ಕೆ ಹೊದಿಕೆ ಸಿದ್ಧವಾಗಬೇಕಿರುತ್ತದೆ. ಬಟ್ಟೆಗಳನ್ನು ಒಗೆದು ಒಣಗಿಸಿ, ಗುಂಡಿ ಕಿತ್ತು, ದಪ್ಪ ಹೊಲಿಗೆಗಳನ್ನು ಬಿಚ್ಚಿ, ಅಂಗಳದಲ್ಲೋ ಪಡಸಾಲೆಯಲ್ಲೋ ಅಡಿಯ ಬಟ್ಟೆಯನ್ನು ಹಾಸುತ್ತಾರೆ. ಇದು ಸಾಮಾನ್ಯವಾಗಿ ಇಡೀ ಸೀರೆ. ಅಗಲ ಸಾಲದಿದ್ದರೆ ಎರಡು ಸೇರಿಸಿದ್ದು. ಮೂಲೆಗಳಿಗೆ ಕಲ್ಲು ಹೇರಿ ಬಿಗಿಯಾಗಿ ಎಳೆದುಕೊಂಡು, ಅದರ ಮೇಲೆ ಒಳಪದರ ಕೂಡಿಸುತ್ತಾರೆ. ಒಳಗೆ ಹೋಗುವುದು ಹರಿದದ್ದಿರಬಹುದು, ಬಣ್ಣಗೆಟ್ಟದ್ದಿರಬಹುದು. ಎಲ್ಲೂ ಗಂಟು-ಮಡಿಕೆ ಇರಕೂಡದು, ಅಷ್ಟೇ. ಅದರ ಮೇಲೆ ತೇಪೆಗಳ ಜೋಡಣೆ. ಚೌಕ, ತ್ರಿಕೋನ, ಪಟ್ಟೆ. ಕೆಂಪಿನ ಪಕ್ಕ ಹಸಿರು, ಕಪ್ಪಿನ ಪಕ್ಕ ಅರಿಸಿನ. ಕಾಗದದ ಮೇಲೆ ನಕ್ಷೆ ಇರುವುದಿಲ್ಲ. ಇದ್ದ ತುಂಡುಗಳನ್ನು ಆಚೆಗಿಟ್ಟು ಈಚೆಗಿಟ್ಟು ಕಣ್ಣು ಒಪ್ಪುವವರೆಗೆ ಬದಲಿಸುತ್ತ ಹೋಗುತ್ತಾರೆ. ಆಮೇಲೆ ಪದರಗಳು ಜಾರದಂತೆ ಉದ್ದುದ್ದ ಕಚ್ಚಾ ಹೊಲಿಗೆ.

ನಿಜವಾದ ಕೆಲಸ ಇಲ್ಲಿಂದ ಶುರು. ದಪ್ಪ ದಾರ, ಗಟ್ಟಿ ಸೂಜಿ. ಅಂಚಿನಿಂದ ಹೊರಟು, ನಾಲ್ಕೂ ಬದಿ ಸುತ್ತುತ್ತ, ಬೆರಳಗಲ ಬಿಟ್ಟು ಬೆರಳಗಲಕ್ಕೆ ಒಂದು ಸಾಲಿನಂತೆ ನಡುವಿನತ್ತ ಸಾಗುವ ಓಟದ ಹೊಲಿಗೆ. ಈ ಸಾಲುಗಳಿಗೆ ಅಂದಕ್ಕಿಂತ ದೊಡ್ಡ ಕೆಲಸವಿದೆ. ಜಾಳಾದ ನಾಲ್ಕೈದು ಬಟ್ಟೆಗಳನ್ನು ಒಂದೇ ಮೈಯಾಗಿ ಹಿಡಿಯುವುದು ಅವೇ. ಒಂದು ಪದರ ಎಲ್ಲೋ ಹರಿದರೂ ಆ ಹರಕು ಮುಂದಿನ ಸಾಲಿನ ಹೊಲಿಗೆಗೆ ಬಂದು ನಿಲ್ಲುತ್ತದೆ. ಪದರಗಳ ನಡುವೆ ಸಿಕ್ಕ ಗಾಳಿ ಮೈಯ ಕಾವನ್ನು ಹಿಡಿದಿಡುತ್ತದೆ, ಹತ್ತಿ ಬೆವರನ್ನು ಹೀರುತ್ತದೆ. ಸಾಲುಗಳು ದೂರ ದೂರವಾದರೆ ಒಳಗಿನ ಬಟ್ಟೆ ಒಗೆತಕ್ಕೆ ಮುದ್ದೆಯಾಗುತ್ತದೆ. ಹಾಗಾಗಿ ಅನುಭವಸ್ಥರು ಕೌದಿಯ ಬೆಲೆ ಕಟ್ಟುವಾಗ ಬಣ್ಣ ನೋಡುವುದಿಲ್ಲ. ಮಗುಚಿ ಹಾಕಿ ಬೆನ್ನು ನೋಡುತ್ತಾರೆ. ಹಿಂದಿನ ಸೀರೆಯ ಮೇಲೆ ಸಾಲು ಒತ್ತಾಗಿ, ಸಮವಾಗಿ ಮೂಡಿದ್ದರೆ ಅದು ಒಳ್ಳೆಯ ಕೌದಿ.

ಈ ಕಸುಬಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಮಿತವ್ಯಯ ಎಂದರೆ ಎಲ್ಲದರಲ್ಲೂ ಕಡಿತ ಎಂದು ನಾವು ತಿಳಿಯುತ್ತೇವೆ. ಕೌದಿ ಹೊಲಿಯುವವಳು ಬಟ್ಟೆಯ ವಿಷಯದಲ್ಲಿ ಗೇಣುದ್ದದ ಚೂರನ್ನೂ ಎಸೆಯದ ಜಿಪುಣೆ. ಹೊಲಿಗೆಯ ವಿಷಯಕ್ಕೆ ಬಂದರೆ ಅವಳಷ್ಟು ಧಾರಾಳಿ ಇನ್ನೊಬ್ಬಳಿಲ್ಲ. ಹತ್ತು ಸಾಲಿನಲ್ಲಿ ಮುಗಿಸಬಹುದಾದ ಜಾಗಕ್ಕೆ ನಲವತ್ತು ಸಾಲು ಹಾಕುತ್ತಾಳೆ. ಬೆಲೆಯಿಲ್ಲದ ಬಟ್ಟೆಗೆ ಬೆಲೆ ಬರುವುದು ಆ ಧಾರಾಳತನದಿಂದ. ಇಂದಿನ ಅಂಗಡಿಯ ಲೆಕ್ಕ ತಿರುಗುಮುರುಗು: ಬಟ್ಟೆ ಬೇಕಾದಷ್ಟು, ಹೊಲಿಗೆ ಆದಷ್ಟು ಕಡಿಮೆ.

ಕೊನೆಯ ತೇಪೆಯನ್ನು ಮುಚ್ಚುವ ಮುಂಚೆ ಕೆಲವು ಮನೆಗಳಲ್ಲಿ ಒಂದು ಆಚಾರವಿದೆ. ಉಳಿದ ಸಣ್ಣ ಬಾಯಿಯೊಳಗೆ ನಾಲ್ಕು ಕಾಳು ಅಕ್ಕಿಯನ್ನೋ ಹೋಳಿಗೆಯ ಚೂರನ್ನೋ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಅದನ್ನು ಹೊದ್ದವರು ಉಪವಾಸ ಮಲಗಬಾರದು ಎಂಬುದು ನಂಬಿಕೆ.

ಮನೆಯ ಹೆಂಗಸರೇ ಹೊಲಿಯುವುದು ಒಂದು ಬಗೆ, ಹೊಲಿಸುವುದು ಇನ್ನೊಂದು. ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು ಕೌದಿ ಹೊಲಿಗೆಯಲ್ಲಿ ಪಳಗಿದವರು. ಗಂಡಸರು ದೇವಿಯ ಆರಾಧನೆಯಾದ ‘ಗೊಂದಲ’ ಹಾಕುವ ಮನೆತನಗಳಲ್ಲಿ ಹೆಂಗಸರ ಕೈಯಲ್ಲಿ ಸೂಜಿ-ದಾರ. ಓಣಿಯಲ್ಲಿ ‘ಕೌದಿ ಹೊಲಸ್ತೀರೇನ್ರೀ ಅವ್ವಾರ’ ಎಂದು ಕೂಗುತ್ತ ಬಂದವರನ್ನು ಪಡಸಾಲೆಗೆ ಕರೆದು, ಬಟ್ಟೆಯ ಗಂಟು ಮುಂದಿಟ್ಟು, ಕಾಳು-ಕಡಿ, ಊಟ, ಒಂದಿಷ್ಟು ರೊಕ್ಕ ಎಂದು ಮಾತಾಡಿಕೊಳ್ಳುತ್ತಿದ್ದರು. ಒಂದೇ ಕೌದಿಯ ನಾಲ್ಕು ಬದಿಗೆ ನಾಲ್ವರು ಕೂತರೆ ಹೊಲಿಗೆಯ ಜೊತೆ ಊರ ಸುದ್ದಿಯೂ ಸಾಗುತ್ತಿತ್ತು.

ಘಟ್ಟದ ಕಾಡಿನಲ್ಲಿ ಈ ಕಸುಬಿಗೆ ಇನ್ನೊಂದು ಮುಖವಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳ ಸಿದ್ದಿ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದರು. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಈ ಕಾಡು ನೆಲೆಯಾಯಿತು. 2003ರಲ್ಲಿ ಅವರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಕವಂದಿಯಲ್ಲಿ ತೇಪೆಗಳನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಮೂಲೆಯಿಂದ ಶುರುಮಾಡಿ, ತೇಪೆಯ ಅಂಚನ್ನು ಆಗಾಗಲೇ ಮಡಿಚುತ್ತ, ಹೊಲಿಯುತ್ತಲೇ ಜೋಡಿಸುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮುಂದಿನ ತುಂಡು ಯಾವುದು ಎಂಬುದು ಕೈ ಅಲ್ಲಿಗೆ ತಲುಪಿದಾಗಲೇ ತೀರ್ಮಾನ. ಕ್ರೈಸ್ತ ಸಿದ್ದಿಗಳ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದರಲ್ಲಿ ಅರ್ಧಚಂದ್ರ ಕಾಣುವುದುಂಟು. ನಾಲ್ಕು ಮೂಲೆಗೂ ಬಟ್ಟೆಯನ್ನು ಪದರ ಮಡಿಚಿ ಮಾಡಿದ ತ್ರಿಕೋನದ ‘ಫುಲಾ’ ಇರಲೇಬೇಕು. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೆಂಗಸರ ಜೊತೆ ಕೆಲಸ ಮಾಡಿ ಅವರ ಹೊಲಿಗೆಯನ್ನು ಹೊರಜಗತ್ತಿಗೆ ತೋರಿಸಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ಕವಂದಿಗಳು ತೂಗಿದವು. ಕೂಸು ಮಲಗಿಸಲೆಂದು ಹೊಲಿದದ್ದನ್ನು ಚಿತ್ರದಂತೆ ನಿಂತು ನೋಡುವ ಕಾಲ ಬಂತು. ಅದು ಹಳಿಯಾಳಕ್ಕಿಂತ ಮೊದಲು ನ್ಯೂಯಾರ್ಕಿನಲ್ಲಿ ಬಂತಲ್ಲ ಎಂಬ ನೋವು ನನಗಿದೆ.

ಹಳೆಯದನ್ನು ಮತ್ತೆ ಬಳಕೆಗೆ ತರಲು ಸೂಜಿಯ ಕೆಲಸ ಇಷ್ಟವಿಲ್ಲದವರಿಗೆ ಕ್ರೋಷಾದ ಕೊಕ್ಕೆ ಇದೆ. ನಮ್ಮ ಮನೆಗಳಲ್ಲಿ ರೇಡಿಯೋದ ಮೇಲೆ, ಟೀಪಾಯಿಯ ಮೇಲೆ, ಆಮೇಲೆ ಟೀವಿಯ ಮೇಲೆ ಬಿಳಿ ನೂಲಿನ ಕ್ರೋಷಾ ಹೊದಿಕೆ ಹಾಸುತ್ತಿದ್ದ ಕಾಲ ತೀರಾ ಹಿಂದಿನದಲ್ಲ. ಒಂದೇ ಕೊಕ್ಕೆ, ಒಂದೇ ಎಳೆ. ಕುಣಿಕೆಯೊಳಗಿಂದ ಕುಣಿಕೆ ಎಳೆಯುವುದೇ ಇಡೀ ವಿದ್ಯೆ. ಉಳಿತಾಯದ ಕಣ್ಣಿನಿಂದ ನೋಡಿದರೆ ಇದರ ದೊಡ್ಡ ಗುಣವೆಂದರೆ ಬಿಚ್ಚಲು ಬರುವುದು. ತುದಿ ಸಿಕ್ಕರೆ ಸಾಕು, ಇಡೀ ಹೊದಿಕೆ ಮತ್ತೆ ಒಂದು ಉಂಡೆ ನೂಲಾಗುತ್ತದೆ. ಬಿಚ್ಚಿದ ಉಣ್ಣೆ ಗುಂಗುರಾಗಿರುತ್ತದೆ. ಅದನ್ನು ಲಡಿ ಸುತ್ತಿ ತೋಯಿಸಿ, ಕೆಳಗೊಂದು ಸಣ್ಣ ಭಾರ ಕಟ್ಟಿ ಒಣಗಲು ಬಿಟ್ಟರೆ ನೇರವಾಗುತ್ತದೆ.

ನೂಲೇ ಬೇಕೆಂದಿಲ್ಲ. ಹಳೆ ಸೀರೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು ಉಂಡೆ ಸುತ್ತಿ, ಹೆಬ್ಬೆರಳು ಗಾತ್ರದ ಮರದ ಕೊಕ್ಕೆಯಿಂದ ಹೆಣೆದರೆ ಬಾಗಿಲಿಗೆ ದಪ್ಪನೆಯ ಕಾಲೊರಸು ಸಿದ್ಧ. ಕೌದಿಗೆ ಒಗ್ಗದ ನೈಲಾನ್, ಪಾಲಿಯೆಸ್ಟರ್ ಸೀರೆಗಳಿಗೆ ಇದು ಒಳ್ಳೆಯ ಗತಿ. ಟೀ-ಶರ್ಟಿನ ಬಟ್ಟೆ ಇನ್ನೂ ಸಲೀಸು. ಅದು ನೇಯ್ದದ್ದಲ್ಲ, ಹೆಣೆದದ್ದು. ಹಾಗಾಗಿ ಕತ್ತರಿಸಿ ಎಳೆದರೆ ಅಂಚು ಒಳಕ್ಕೆ ಸುರುಳಿಯಾಗುತ್ತದೆ, ಎಳೆ ಬಿಡುವುದಿಲ್ಲ. ತೋಳಿನ ಕೆಳಗಿನ ಭಾಗವನ್ನು ಸುತ್ತಲೂ ಓರೆಯಾಗಿ ಕತ್ತರಿಸುತ್ತ ಹೋದರೆ ಅಷ್ಟರಿಂದಲೂ ಗಂಟಿಲ್ಲದ ಒಂದೇ ಪಟ್ಟಿ ಸಿಗುತ್ತದೆ. ಹೆಣೆಯಲು ಬಾರದಿದ್ದರೆ ಮೂರು ಪಟ್ಟಿ ಸೇರಿಸಿ ಜಡೆ ಹಾಕಿ, ಜಡೆಯನ್ನು ಸುತ್ತಿಕೊಂಡು ಅಂಚಿಗೆ ಅಂಚು ಹೊಲಿದರೂ ಆದೀತು.

ಈಗ ಬೆಂಗಳೂರು, ಹುಬ್ಬಳ್ಳಿಯ ಮೇಳಗಳಲ್ಲಿ ಕೌದಿ ಕಾಣುತ್ತಿದೆ. ದರ್ಜಿಗಳ ಅಂಗಡಿಯ ಹೊಸ ಚಿಂದಿಯಿಂದ ಹೊಲಿದವೂ ಇವೆ, ಅಮ್ಮ ತೀರಿಕೊಂಡ ಮೇಲೆ ಅವರ ಸೀರೆಗಳನ್ನು ಕೊಟ್ಟು ಹೊಲಿಸಿಕೊಂಡವೂ ಇವೆ. ಎರಡಕ್ಕೂ ನನ್ನ ಒಪ್ಪಿಗೆಯಿದೆ. ತೇಪೆಯ ಚಿತ್ರ ಅಚ್ಚುಹಾಕಿ, ಮಷೀನಿನ ನಾಲ್ಕು ಗೆರೆ ಹೊಡೆದ ಚಾದರವನ್ನು ಕೌದಿ ಎಂದು ಮಾರುವುದಕ್ಕೆ ಮಾತ್ರ ಇಲ್ಲ. ಹೊಲಿಸುವವರು ಕೂಲಿಯನ್ನು ಬಟ್ಟೆಯ ಬೆಲೆಯ ಮೇಲೆ ಲೆಕ್ಕ ಹಾಕುವುದನ್ನೂ ಬಿಡಬೇಕು. ‘ಬಟ್ಟೆ ನಮ್ಮದೇ, ಹಳೇದೇ, ಇಷ್ಟೊಂದು ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಕೌದಿಯ ಬೆನ್ನಿನ ಮೇಲಿದೆ. ಒಂದು ಗೇಣಿನೊಳಗೆ ಎಷ್ಟು ಸಾಲು ಇವೆ ಎಂದು ಎಣಿಸಿ ನೋಡಲಿ.

ಸ್ವತಃ ಹೊಲಿಯುವ ಆಸೆಯಿದ್ದರೆ ತೊಟ್ಟಿಲ ಅಳತೆಯಿಂದ ಶುರುಮಾಡುವುದು ಒಳ್ಳೆಯದು: ಮೂರಡಿ ಉದ್ದ, ಎರಡೂವರೆ ಅಡಿ ಅಗಲ, ಒಳಗೆ ಎರಡೇ ಪದರ. ಎಲ್ಲ ಬಟ್ಟೆಗಳೂ ಹತ್ತಿಯವೇ ಆಗಿರಲಿ. ನಡುವೆ ಒಂದು ಪಾಲಿಯೆಸ್ಟರ್ ಸೇರಿದರೂ ಅದು ಜಾರಿ ಸಾಲು ಸೊಟ್ಟಗಾಗುತ್ತದೆ. ದಾರವನ್ನು ಮೊಳಕ್ಕಿಂತ ಸ್ವಲ್ಪ ಉದ್ದ ತೆಗೆದುಕೊಂಡರೆ ಸಾಕು, ಹೆಚ್ಚಾದರೆ ಸಿಕ್ಕಾಗುತ್ತದೆ. ಗಂಟನ್ನು ಪದರದೊಳಗೆ ಬಚ್ಚಿಡಿ, ಕೂಸಿನ ಮೈಗೆ ಒತ್ತಬಾರದು. ಸೂಜಿ ತಳ್ಳುವ ಬೆರಳಿಗೆ ಅಂಗುಸ್ತಾನ ಇಲ್ಲದಿದ್ದರೆ ಬಟ್ಟೆಯ ಚಿಂದಿ ಸುತ್ತಿಕೊಳ್ಳಿ. ಒಗೆಯುವಾಗ ಬ್ರಷ್ಷಿನಿಂದ ಉಜ್ಜದೆ ನೆನೆಹಾಕಿ ತುಳಿದರೆ ಹೊಲಿಗೆ ಹೆಚ್ಚು ಕಾಲ ಬಾಳುತ್ತದೆ. ಎಲ್ಲಾದರೂ ಸವೆದರೆ ಅಲ್ಲೊಂದು ತೇಪೆ ಹಾಕಿ. ತೇಪೆಗೂ ಬಗ್ಗದಷ್ಟು ಜಾಳಾದ ಮೇಲೆ ಅದನ್ನೇ ಮುಂದಿನ ಕೌದಿಯ ಒಳಪದರಕ್ಕೆ ಇಟ್ಟುಕೊಳ್ಳಬಹುದು. ಹಾಗೆ ಮಾಡುವಾಗ ಹಳೆಯ ಸಾಲುಗಳ ಮೇಲೆಯೇ ಹೊಸ ಸಾಲು ಬಾರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಸೂಜಿ ಇಳಿಯದೆ ಕೈ ನೋಯುತ್ತದೆ.